ಇಪ್ಪತ್ತೆರಡು ವರ್ಷ ದುಡಿದವರ ಗ್ರಾಚ್ಯುಟಿ: ನಮ್ಮ ಪ್ರೆಸ್ಸಿಗೆ ನೋಟಿಸು ಬಂದಿದೆ, ಏನು ಮಾಡಲಿ?

ಪ್ರೆಸ್ಸಿನ ಮಗಳು, ಗದಗ

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯ ಇದೆ. ಅಜ್ಜ ಒಂದು ಟ್ರೆಡಲ್ ಇಟ್ಟುಕೊಂಡು ಶುರುಮಾಡಿದ್ದು, ಅಪ್ಪ ಬೆಳೆಸಿದ್ದು. ಲಗ್ನಪತ್ರಿಕೆ, ಪಂಚಾಂಗ, ಸೊಸೈಟಿಗಳ ರಸೀದಿ ಪುಸ್ತಕ, ವರ್ಷದ ಕೊನೆಗೆ ಕ್ಯಾಲೆಂಡರ್. ಎರಡು ವರ್ಷದಿಂದ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತಿದ್ದೇನೆ. ಈಗ ಕೆಲಸಕ್ಕೆ ಇರುವವರು ಎಂಟು ಜನ.

ಕಳೆದ ಮೇ 31ಕ್ಕೆ ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಒಬ್ಬರು ಕೆಲಸ ಬಿಟ್ಟರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. 2003ರ ಜೂನ್‌ನಲ್ಲಿ ಅವರು ಬಂದಾಗ ನಾನು ಎರಡನೆಯ ತರಗತಿ. ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದರು, ಆಫ್‌ಸೆಟ್ ಬಂದ ಮೇಲೆ ಅದನ್ನೂ ಕಲಿತರು, ಕೊನೆಯ ಹತ್ತು ವರ್ಷ ಕಟಿಂಗ್ ಮಶೀನಿನ ಮುಂದೆ ನಿಂತರು. ಹಾಳೆಯ ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಾಗದದ ತೂಕ ಹಿಡಿದು, ಇದು 70 ಜಿಎಸ್‌ಎಂ, ಇದು 80 ಎಂದು ಹೇಳುತ್ತಿದ್ದರು, ತಪ್ಪಿದ್ದನ್ನು ನಾನು ಕಂಡಿಲ್ಲ. ಕಣ್ಣು ಮಂಜಾಗತೊಡಗಿದ ಮೇಲೆ ‘ಬ್ಲೇಡಿನ ಹತ್ತಿರ ಕೈ ಇಡಲು ಅಂಜಿಕೆಯಾಗುತ್ತದೆ’ ಎಂದು ತಾವಾಗಿಯೇ ಬಿಟ್ಟರು. ಅಪ್ಪ ಶಾಲು ಹೊದಿಸಿ, ತೆಂಗಿನಕಾಯಿ ವೀಳ್ಯದೆಲೆಯ ಜೊತೆ 25,000 ರೂಪಾಯಿಯ ಲಕೋಟೆ ಕೊಟ್ಟು ಕಳುಹಿಸಿದರು. ಇಬ್ಬರೂ ಕಣ್ಣೊರೆಸಿಕೊಂಡರು.

ಜುಲೈನಲ್ಲಿ ಕಾಕಾ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಕೇಳಿ ಒಂದು ಅರ್ಜಿ ಕೊಟ್ಟಿದ್ದಾರೆ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಅವರ ಮಗಳು ಬರೆದುಕೊಟ್ಟಿದ್ದಂತೆ. ಅಪ್ಪ ಅದನ್ನು ಮಡಚಿ ಪಂಚಾಂಗದ ಪ್ರೂಫ್ ಇಡುವ ಡ್ರಾವರಿನಲ್ಲಿ ಇಟ್ಟುಬಿಟ್ಟಿದ್ದಾರೆ. ನನಗೆ ಗೊತ್ತಾಗಿದ್ದು ನವೆಂಬರ್ ನಡುವೆ, ಕಾರ್ಮಿಕ ಇಲಾಖೆಯಿಂದ ನೋಟಿಸು ಬಂದಾಗ. ಡಿಸೆಂಬರ್ 22ಕ್ಕೆ ಹಾಜರಾಗಬೇಕು.

ಅಪ್ಪನಿಗೆ ಸಿಟ್ಟಿಗಿಂತ ನೋವು ಹೆಚ್ಚು. ‘ಮನೆಯವನಂತೆ ನೋಡಿಕೊಂಡೆ, ಮಗಳ ಮದುವೆಗೆ ಸಾಲ ಕೊಟ್ಟೆ, ಈಗ ನನ್ನನ್ನೇ ಸರ್ಕಾರದ ಮುಂದೆ ನಿಲ್ಲಿಸುತ್ತಾನೆ’ ಎನ್ನುತ್ತಾರೆ. ಅವರ ಪ್ರಕಾರ ಗ್ರಾಚ್ಯುಟಿ ದೊಡ್ಡ ಕಾರ್ಖಾನೆಗಳಿಗೆ, ನಾವು ಎಂಟೇ ಜನ. ತಾನಾಗಿ ಬಿಟ್ಟು ಹೋದವನಿಗೆ ಕೊಡಬೇಕಾಗಿಲ್ಲ. 2011ರಲ್ಲಿ ಕಾಕಾನಿಗೆ ಕ್ಷಯ ಆಗಿ ಐದು ತಿಂಗಳು ಬಂದಿರಲಿಲ್ಲ, 2020ರಲ್ಲಿ ಲಾಕ್‌ಡೌನ್ ಎಂದು ಪ್ರೆಸ್ಸೇ ಮುಚ್ಚಿತ್ತು, ಆದ್ದರಿಂದ ಸೇವೆ ತುಂಡಾಗಿದೆ. ಮದುವೆ ಸಾಲದಲ್ಲಿ ಇನ್ನೂ 18,000 ಬಾಕಿ ಇದೆ. ಮೇಲಾಗಿ 25,000 ಕೊಟ್ಟಾಗಿದೆ. ಕೊನೆಯ ಸಂಬಳ ತಿಂಗಳಿಗೆ 16,900. ನೇಮಕಾತಿ ಪತ್ರ ನಮ್ಮಲ್ಲಿ ಯಾರಿಗೂ ಕೊಟ್ಟಿಲ್ಲ.

ನನ್ನ ಪ್ರಶ್ನೆ ಎರಡು. ಕಾನೂನಿನ ಪ್ರಕಾರ ನಾವು ಕೊಡಬೇಕೆ, ಕೊಡಬೇಕಾದರೆ ಎಷ್ಟು? ಕೊಡಬೇಕಾಗಿದ್ದರೆ ಅಪ್ಪನಿಗೆ ಹೇಗೆ ಹೇಳಲಿ? ಕಾಕಾ ಈಗ ಪ್ರೆಸ್ಸಿನ ಮುಂದಿನ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಾರೆ. ಅದು ನನಗೆ ತಡೆಯಲಾಗುತ್ತಿಲ್ಲ.

ನಿವೃತ್ತ ಕಾರ್ಮಿಕ ನಿರೀಕ್ಷಕ, ಧಾರವಾಡ

ತಂಗಿ, ನೀನು ವಿವರವಾಗಿ ಬರೆದಿರುವುದರಿಂದ ನಾನೂ ವಿವರವಾಗಿ ಹೇಳುತ್ತೇನೆ. ಇಲಾಖೆಯಲ್ಲಿ ಇದ್ದಷ್ಟು ಕಾಲ ನಿಮ್ಮಪ್ಪ ಹೇಳಿದ ಮಾತುಗಳನ್ನೇ ನೂರಾರು ಮಾಲೀಕರ ಬಾಯಿಂದ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಗ್ರಾಚ್ಯುಟಿ ಎಂದರೆ ಮಾಲೀಕ ಮನಸ್ಸು ಬಂದರೆ ಕೊಡುವ ಇನಾಮು ಎಂದು ತಿಳಿದಿದ್ದರು. 1972ರ ಕಾಯಿದೆ ಬಂದ ದಿನದಿಂದ ಅದು ಇನಾಮು ಅಲ್ಲ, ಬಾಕಿ ಉಳಿದ ದುಡಿಮೆಯ ಹಣ.

ಮೊದಲು ಎಂಟು ಜನರ ವಿಷಯ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಕೆಲಸಕ್ಕೆ ಇದ್ದರೂ ಸಂಸ್ಥೆ ಕಾಯಿದೆಯೊಳಗೆ ಬರುತ್ತದೆ. ಒಮ್ಮೆ ಬಂದ ಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗಲು ಬರುವುದಿಲ್ಲ, ಅದಕ್ಕೆಂದೇ 1ನೆಯ ಕಲಮಿನಲ್ಲಿ (3ಎ) ಉಪಕಲಮು ಇದೆ. ಆದ್ದರಿಂದ ಈಗ ಎಷ್ಟು ಜನ ಎಂಬುದು ಮುಖ್ಯವಲ್ಲ, ಎಂದಾದರೂ ಹತ್ತು ಜನ ಇದ್ದರೇ ಎಂಬುದು ಮುಖ್ಯ. ಸಂಬಳ ಕೊಟ್ಟದ್ದನ್ನು ಬರೆದಿಡುವ ಹಳೆಯ ಬಟವಾಡೆ ಪುಸ್ತಕ ತೆಗೆದು ನೋಡು. ಬೈಂಡಿಂಗ್‌ಗೆ ಬರುವ ಹೆಂಗಸರನ್ನು ಬಿಟ್ಟು ಎಣಿಸಬೇಡ. ಮಾಡಿದ ಕೆಲಸದ ಲೆಕ್ಕದ ಮೇಲೆ ಕೂಲಿ ಪಡೆಯುವವರೂ ಕೆಲಸಗಾರರೇ.

ತಾನಾಗಿ ರಾಜೀನಾಮೆ ಕೊಟ್ಟವರಿಗೆ ಇಲ್ಲ ಎಂಬುದು ಎಲ್ಲಿಂದ ಹುಟ್ಟಿತೋ. ಐದು ವರ್ಷ ನಿರಂತರ ಸೇವೆ ಆಗಿದ್ದರೆ ನಿವೃತ್ತಿಗೂ ಉಂಟು, ರಾಜೀನಾಮೆಗೂ ಉಂಟು. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಆ ಐದು ವರ್ಷವೂ ಬೇಕಾಗಿಲ್ಲ.

ಇನ್ನು ಸೇವೆ ತುಂಡಾದ ಮಾತು. ಕಾಯಿಲೆ, ಅಪಘಾತ, ರಜೆ, ಕೆಲಸಗಾರನ ತಪ್ಪಿಲ್ಲದೆ ಕೆಲಸವೇ ನಿಂತುಹೋದ ಕಾಲ, ಇವು ಯಾವುದೂ ನಿರಂತರ ಸೇವೆಯನ್ನು ಮುರಿಯುವುದಿಲ್ಲ. 2ಎ ಕಲಮಿನಲ್ಲಿ ಸ್ಪಷ್ಟವಾಗಿದೆ. ಕ್ಷಯದ ಐದು ತಿಂಗಳೂ ಸೇವೆಯೇ, ಲಾಕ್‌ಡೌನ್ ತಿಂಗಳೂ ಸೇವೆಯೇ. ಪ್ರೆಸ್ಸಿನ ಬಾಗಿಲನ್ನು ಅವರು ಹಾಕಿಸಲಿಲ್ಲವಲ್ಲ.

ಲೆಕ್ಕ ಸರಳ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,900 ಎಂದಿಟ್ಟುಕೊಂಡರೆ, 26ರಿಂದ ಭಾಗಿಸು: ದಿನಕ್ಕೆ 650. ವರ್ಷಕ್ಕೆ 15 ದಿನದಂತೆ 9,750. ಸೇವೆ 21 ವರ್ಷ 11 ತಿಂಗಳು. ಆರು ತಿಂಗಳು ದಾಟಿದ ತುಂಡು ಪೂರ್ತಿ ವರ್ಷ, ಆದ್ದರಿಂದ 22. ಒಟ್ಟು 2,14,500 ರೂಪಾಯಿ. ಗರಿಷ್ಠ ಮಿತಿ 20 ಲಕ್ಷ, ಅದು ನಿಮಗೆ ಸಂಬಂಧವಿಲ್ಲ.

ಮೂವತ್ತು ದಿನದೊಳಗೆ ಕೊಡಬೇಕಿತ್ತು. ಕೆಲಸಗಾರ ಅರ್ಜಿ ಹಾಕಲಿ ಬಿಡಲಿ, ಲೆಕ್ಕ ಹಾಕಿ ಅವರಿಗೂ ಅಧಿಕಾರಿಗೂ ಬರೆದು ತಿಳಿಸುವುದು ಮಾಲೀಕನ ಕೆಲಸ. ಗಡುವು ಮೀರಿದರೆ ಶೇ 10ರ ಸರಳ ಬಡ್ಡಿ ಬೀಳುತ್ತದೆ, ಅದೂ ಮೂವತ್ತನೆಯ ದಿನದಿಂದಲ್ಲ, ಹಣ ಸಲ್ಲಬೇಕಾದ ದಿನದಿಂದಲೇ. ನಿಮ್ಮ ಮೊತ್ತಕ್ಕೆ ತಿಂಗಳಿಗೆ ಸುಮಾರು 1,787 ರೂಪಾಯಿ. ಆ ಅರ್ಜಿ ಡ್ರಾವರಿನಲ್ಲಿ ಮಲಗಿದ್ದ ಪ್ರತಿ ತಿಂಗಳೂ ಅಷ್ಟು ಏರಿದೆ.

ಸಾಲದ ಬಾಕಿಯನ್ನು ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳಬೇಡಿ. ಗ್ರಾಚ್ಯುಟಿ ತಡೆಯಲು ಕಾಯಿದೆ ಒಪ್ಪುವ ಕಾರಣಗಳು ಬೆರಳೆಣಿಕೆಯವು: ಬೇಕೆಂದೇ ಅಥವಾ ಅಲಕ್ಷ್ಯದಿಂದ ಮಾಲೀಕನ ಆಸ್ತಿಗೆ ನಷ್ಟ ಮಾಡಿ ಅದಕ್ಕಾಗಿ ವಜಾ ಆಗಿರಬೇಕು, ದೊಂಬಿ ಹಿಂಸೆ ಮಾಡಿರಬೇಕು, ಕೆಲಸದ ನಡುವೆ ನೀತಿಗೆಟ್ಟ ಅಪರಾಧ ಎಸಗಿರಬೇಕು. ಕಣ್ಣು ಮಂಜಾದವರ ಮೇಲೆ ಇದರಲ್ಲಿ ಯಾವುದನ್ನು ಹೊರಿಸುತ್ತೀರಿ? ಸಾಲವನ್ನು ಬೇರೆಯಾಗಿ ಕೇಳಿ. ಶಾಲಿನ ಜೊತೆ ಕೊಟ್ಟ 25,000ಕ್ಕೆ ಚೀಟಿ ಇದೆಯೇ? ‘ಗ್ರಾಚ್ಯುಟಿ ಬಾಬ್ತು’ ಎಂದು ಬರೆದು ಸಹಿ ಪಡೆದಿದ್ದೀರಾ? ಇಲ್ಲವಾದರೆ ಅದು ಪ್ರೀತಿಯಿಂದ ಕೊಟ್ಟದ್ದು. ಅದನ್ನು ಹಾಗೆಯೇ ಬಿಡುವುದು ನಿಮ್ಮಪ್ಪನಿಗೂ ಗೌರವ.

22ನೆಯ ತಾರೀಖಿಗೆ ಕಾಯಬೇಡ. ಬಟವಾಡೆ ಪುಸ್ತಕ ಹಿಡಿದುಕೊಂಡೇ ಕಚೇರಿಗೆ ಹೋಗು. ಅದನ್ನು ಬಚ್ಚಿಟ್ಟು ಹೋದವರ ಪರವಾಗಿ ಅಧಿಕಾರಿ ನಿಂತದ್ದನ್ನು ನಾನು ನೋಡಿಲ್ಲ. ಆದೇಶವಾದ ಮೇಲೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ, ಆಗಿನ ಬಡ್ಡಿ ಚಕ್ರಬಡ್ಡಿ. ಗ್ರಾಚ್ಯುಟಿ ಕೊಡದೆ ಉಳಿದ ಅಪರಾಧಕ್ಕೆ ಜೈಲೂ ಇದೆ. ಹೆದರಿಸಲು ಹೇಳುತ್ತಿಲ್ಲ. ಅಲ್ಲಿಗೆ ಹೋಗುವ ಅಗತ್ಯವೇ ನಿಮಗಿಲ್ಲ.

ಅಂಗಡಿ ಮಾಲೀಕ, ದಾವಣಗೆರೆ

ಎಲ್ಲರೂ ಕೆಲಸಗಾರರ ಕಡೆಯೇ ಮಾತನಾಡಿದರೆ ಹೇಗೆ? ಸಣ್ಣ ಮಾಲೀಕ ತಿಂಗಳ ಮೊದಲ ವಾರದಲ್ಲಿ ಸಂಬಳಕ್ಕೆ ಹಣ ಹೊಂದಿಸಲು ಪಡುವ ಪಾಡು ಯಾರಿಗೂ ಕಾಣುವುದಿಲ್ಲ. ನೇಮಕಾತಿ ಪತ್ರ ಇಲ್ಲ ಎನ್ನುತ್ತೀರಿ. 2003ರಿಂದ ಇದ್ದರು ಎಂದು ಅವರು ಸಾಬೀತು ಮಾಡಲಿ. ಪುಸ್ತಕ ನೀವಾಗಿಯೇ ಏಕೆ ಒಯ್ದು ಕೊಡುತ್ತೀರಿ? ವಕೀಲರನ್ನು ಇಟ್ಟು ತಾರೀಖು ಪಡೆಯುತ್ತಾ ಹೋಗಿ, ಕೊನೆಗೆ ಅರ್ಧಕ್ಕೆ ರಾಜಿ ಆಗುತ್ತದೆ.

ಮರಳು ಅಚ್ಚು, ಉದ್ಯಮಬಾಗ, ಬೆಳಗಾವಿ

ದಾವಣಗೆರೆಯ ಅಣ್ಣ, ನೀವು ಹೇಳಿದ್ದನ್ನು ನಾನು ಅಕ್ಷರಶಃ ಮಾಡಿ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಕಬ್ಬಿಣದ ಎರಕ ಹೊಯ್ಯುವ ಸಣ್ಣ ಫೌಂಡ್ರಿ. ಹದಿನಾಲ್ಕು ವರ್ಷ ನನ್ನಲ್ಲಿ ಮರಳಿನ ಅಚ್ಚು ಮಾಡುವ ಮೋಲ್ಡರ್ ಆಗಿದ್ದ ಒಬ್ಬರು ಬಿಟ್ಟಾಗ ತಿಂಗಳ ವೇತನ 15,600. ದಿನಕ್ಕೆ 600, ವರ್ಷಕ್ಕೆ 9,000, ಒಟ್ಟು 1,26,000. ನಾನು ಕೊಡುವುದಿಲ್ಲ ಎಂದೆ. ಅವರು ನನ್ನಲ್ಲಿ ಅಷ್ಟು ವರ್ಷ ಇರಲೇ ಇಲ್ಲ ಎಂದು ವಕೀಲರಿಂದ ಉತ್ತರ ಕೊಡಿಸಿದೆ. ಆ ಸುಳ್ಳಿಗೆ ಸಹಿ ಹಾಕಿದ್ದು ನಾನೇ.

ಅವರು ಏನು ತಂದರು ಗೊತ್ತೇ? ಒಂದು ಹಳೆಯ ಇಎಸ್‌ಐ ಕಾರ್ಡು. ಇಬ್ಬರು ಜೊತೆಗಾರರ ಹೇಳಿಕೆ. ಮತ್ತೆ ತಮ್ಮ ಬಲಗಾಲು. ಕುದಿಯುವ ಕಬ್ಬಿಣ ಚೆಲ್ಲಿ ಪಾದದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗಾಯದ ಕಲೆ ಇತ್ತು. ಅಂದು ಆಸ್ಪತ್ರೆಗೆ ಸೇರಿಸಿದ ಚೀಟಿಯ ಮೇಲೆ ನನ್ನದೇ ಸಹಿ, ತಾರೀಖು ಸಮೇತ. ಅಧಿಕಾರಿ ಆ ಚೀಟಿಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು. ನಾನು ತಲೆ ಎತ್ತಲಿಲ್ಲ.

ಆದೇಶ ನನ್ನ ವಿರುದ್ಧ ಆಯಿತು. ಮೇಲ್ಮನವಿ ಹಾಕೋಣ ಎಂದರೆ ಮಾಲೀಕ ಮೊದಲು ಆದೇಶದ ಮೊತ್ತವನ್ನು ಠೇವಣಿ ಇಡಬೇಕು, ಇಲ್ಲದಿದ್ದರೆ ಮೇಲ್ಮನವಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಅದನ್ನು ವಕೀಲರು ನನಗೆ ಮೊದಲೇ ಹೇಳಿರಲಿಲ್ಲ. ಎರಡು ವರ್ಷ ಹತ್ತು ತಿಂಗಳು ಎಳೆದದ್ದಕ್ಕೆ ಬಡ್ಡಿ 35,700 ಆಯಿತು. ವಕೀಲರ ಫೀಸು ಬೇರೆ. ಅದಕ್ಕಿಂತ ಹೆಚ್ಚಿನ ನಷ್ಟ ಒಂದಿದೆ. ಆ ವರ್ಷ ನನ್ನಲ್ಲಿದ್ದ ಇಬ್ಬರು ಒಳ್ಳೆಯ ಮೋಲ್ಡರ್‌ಗಳು ಬೇರೆ ಕಡೆ ಹೋದರು. ಅಚ್ಚಿನ ಮರಳಿಗೆ ಎಷ್ಟು ನೀರು ಬೇಕೆಂದು ಮುಷ್ಟಿಯಲ್ಲಿ ಹಿಂಡಿ ಹೇಳುವ ಕೈಗಳು ಅವು. ಹೋಗುವಾಗ ಒಬ್ಬರು ‘ನಮಗೂ ನಾಳೆ ಇದೇ ತಾನೇ ಸಾಹೇಬರೇ’ ಎಂದರು.

ಗದಗಿನ ತಂಗಿಗೆ ಒಂದು ಮಾತು. ಹಣ ಒಮ್ಮೆಲೇ ಹೊಂದಿಸುವ ಕಷ್ಟ ನಿಜ, ಅದನ್ನು ಯಾರೂ ಹಗುರವಾಗಿ ಮಾತನಾಡಬಾರದು. ನಾನು ಈಗ ಎಲ್‌ಐಸಿಯ ಗುಂಪು ಗ್ರಾಚ್ಯುಟಿ ಯೋಜನೆಗೆ ವರ್ಷ ವರ್ಷ ಕಟ್ಟುತ್ತೇನೆ. ಕರ್ನಾಟಕದಲ್ಲಿ 2024ರಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮವೇ ಬಂದಿದೆ, ನಿಮ್ಮ ಅಪ್ಪನಿಗೆ ಅದನ್ನೂ ತೋರಿಸಿ. ಒಬ್ಬ ಕೆಲಸಗಾರನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ ಎಂದರೆ ಹೆಚ್ಚು ಕಡಿಮೆ ಅರ್ಧ ತಿಂಗಳದ್ದು. ಅದನ್ನು ಆ ವರ್ಷವೇ ಖರ್ಚೆಂದು ಬರೆದಿಟ್ಟರೆ ಭಾರವಾಗುವುದಿಲ್ಲ. ಇಪ್ಪತ್ತೆರಡು ವರ್ಷ ಬರೆಯದೆ ಬಿಟ್ಟರೆ ಒಂದೇ ದಿನ ಬೆನ್ನ ಮೇಲೆ ಬೀಳುತ್ತದೆ.

ಪ್ರೆಸ್ಸಿನ ಮಗಳು, ಗದಗ

ನಿರೀಕ್ಷಕರು ಹೇಳಿದಂತೆ ನಿನ್ನೆ ರಾತ್ರಿ ಅಟ್ಟ ಹತ್ತಿ ಹುಡುಕಿದೆ. 2009ರ ಹಿಂದಿನ ಬಟವಾಡೆ ಪುಸ್ತಕ ಗೆದ್ದಲು ಹಿಡಿದು ಹಾಳಾಗಿದೆ. ಆದರೆ ಅಜ್ಜನ ಫೋಟೋದ ಹಿಂದೆ ಇನ್ನೊಂದು ಫೋಟೋ ಸಿಕ್ಕಿತು. ಆಫ್‌ಸೆಟ್ ಮಶೀನ್ ಬಂದ ವರ್ಷದ ಆಯುಧ ಪೂಜೆ. ಮಶೀನಿಗೆ ಬಾಳೆಕಂಬ, ಚೆಂಡುಹೂವಿನ ಮಾಲೆ, ಎದುರಿಗೆ ಕುಂಬಳಕಾಯಿ. ಹಿಂಬದಿಯಲ್ಲಿ ಅಪ್ಪನದೇ ಅಕ್ಷರ: ‘ಆಯುಧ ಪೂಜೆ 2006, ಪ್ರೆಸ್ ಬಳಗ’. ಅಪ್ಪ, ಅಮ್ಮ, ನನ್ನನ್ನು ಬಿಟ್ಟು ಎಣಿಸಿದೆ. ಹದಿಮೂರು ಜನ. ಎಡಗಡೆ ತುದಿಯಲ್ಲಿ ಬೈಂಡಿಂಗ್‌ನ ನಾಲ್ವರು ಹೆಂಗಸರು, ಕೈಯಲ್ಲಿ ಅಂಟಿನ ಬ್ರಶ್ ಹಿಡಿದೇ ನಿಂತಿದ್ದಾರೆ. ನಡುವೆ ಕಾಕಾ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾರೆ.

ಅಪ್ಪನ ಮುಂದೆ ಇಟ್ಟೆ, ಏನೂ ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಒಬ್ಬೊಬ್ಬರ ಹೆಸರು ಹೇಳಿದರು, ಯಾರು ತೀರಿಕೊಂಡರು, ಯಾರು ಗೋವೆಗೆ ಹೋದರು ಎಂದು. ಹೆಸರು ಹೇಳಿ ಮುಗಿದಾಗ ಹದಿಮೂರು ಎಂದು ಅವರೇ ಎಣಿಸಿದ್ದರು.

ಟೈಲರ್ ಅಕ್ಕ, ಮದ್ದೂರು

ನಾನು ಗಾರ್ಮೆಂಟ್ಸ್‌ನಲ್ಲಿ ಹದಿನಾರು ವರ್ಷ ಕಾಲರ್ ಹೊಲಿದವಳು. ಬೆಳಿಗ್ಗೆ ಆರಕ್ಕೆ ವ್ಯಾನು ಹತ್ತಿ ಬೆಂಗಳೂರಿಗೆ, ರಾತ್ರಿ ಎಂಟಕ್ಕೆ ವಾಪಸು. ಕೆಲಸಗಾರರು ಏಕೆ ಕೇಳುತ್ತಾರೆ ಎಂಬುದನ್ನು ಯಾರಾದರೂ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ನಮ್ಮ ಸಂಬಳ ಬಂದ ದಿನವೇ ಖಾಲಿ. ಬಾಡಿಗೆ, ಸಂಘದ ಸಾಲ, ಮಕ್ಕಳ ಫೀಸು. ಜೀವಮಾನದಲ್ಲಿ ಒಮ್ಮೆ ಕೈಗೆ ಇಡಿಯಾಗಿ ಹಣ ಬರುವುದು ಎಂದರೆ ಪಿಎಫ್ ಮತ್ತು ಗ್ರಾಚ್ಯುಟಿ, ಅಷ್ಟೇ. ಪಿಎಫ್ ಹಣವನ್ನು ಪೂರ್ತಿ ತೆಗೆಯಲು ಬಿಡುವುದಿಲ್ಲ ಎಂದು ನಿಯಮ ಬಂದಾಗ 2016ರ ಏಪ್ರಿಲ್‌ನಲ್ಲಿ ನಾವು ಸಾವಿರಾರು ಹೆಂಗಸರು ಯಾರೂ ಕರೆಯದೆ ಹೊಸೂರು ರಸ್ತೆಗೆ ಇಳಿದೆವು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಬಿಸಿಲಲ್ಲಿ ನಿಂತಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಊರಿನ ಮನೆಗೆ ಹಾಕಿಸಬೇಕಿದ್ದ ಛಾವಣಿ.

ನಾನು ಮೊದಲು ಇದ್ದ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದಾಟಿದವರನ್ನು ಕರೆದು ‘ರಾಜೀನಾಮೆ ಬರೆದುಕೊಡು, ವಾರ ಬಿಟ್ಟು ಹೊಸ ನಂಬರಿನಲ್ಲಿ ಸೇರಿಕೊ’ ಎನ್ನುತ್ತಿದ್ದರು. ಪಿಎಫ್ ಬೇಗ ಸಿಗುತ್ತದೆ ಎಂದು ನಾವೂ ಬರೆದುಕೊಡುತ್ತಿದ್ದೆವು. ಐದು ವರ್ಷ ತುಂಬದಂತೆ ನೋಡಿಕೊಳ್ಳುವ ಉಪಾಯ ಅದು ಎಂದು ತಿಳಿದದ್ದು ಬಹಳ ತಡವಾಗಿ. ಮೊದಲ ನಾಲ್ಕೂವರೆ ವರ್ಷ ಹಾಗೆ ಹೋಯಿತು. ಆಮೇಲಿನ ಹನ್ನೊಂದೂವರೆ ವರ್ಷಕ್ಕೆ ಇನ್ನೊಂದು ಕಾರ್ಖಾನೆ ಕೇಳದೆಯೇ ಲೆಕ್ಕ ಹಾಕಿ ಬ್ಯಾಂಕಿಗೆ ಹಾಕಿತು. ಹೆರಿಗೆ ರಜೆಯನ್ನೂ ಸೇವೆ ಎಂದೇ ಹಿಡಿದಿದ್ದರು. ನಾನು ಆ ಮಾಲೀಕರ ಮುಖ ನೋಡಿಲ್ಲ, ಆದರೆ ದೀಪ ಹಚ್ಚುವಾಗ ನೆನೆಯುತ್ತೇನೆ.

ತಂಗಿ, ನಿಮ್ಮ ಕಾಕಾ ಅರ್ಜಿ ಬರೆದುಕೊಟ್ಟ ದಿನ ಅವರಿಗೂ ನಿದ್ದೆ ಬಂದಿರುವುದಿಲ್ಲ. ಉಪ್ಪು ತಿಂದ ಮನೆಯ ಮೇಲೆ ದೂರು ಕೊಡುವುದು ನಮಗೆ ಸುಲಭವಲ್ಲ. ಓಣಿಯಲ್ಲಿ ಹೋಗುತ್ತಿರುವುದು ಸಿಟ್ಟಿನಿಂದಲ್ಲ, ನಾಚಿಕೆಯಿಂದ.

ನಿರೀಕ್ಷಕ ಸರ್, ನನ್ನದೂ ಒಂದು ಪ್ರಶ್ನೆ. ನನ್ನ ತಂಗಿಯನ್ನು ಒಂದೊಂದೇ ವರ್ಷದ ಕರಾರಿಗೆ ತೆಗೆದುಕೊಂಡಿದ್ದಾರೆ. ಹೊಸ ಕಾನೂನಿನಲ್ಲಿ ಅವಳಿಗೆ ಸಿಗುತ್ತದೆಯೇ?

ನಿವೃತ್ತ ಕಾರ್ಮಿಕ ನಿರೀಕ್ಷಕ, ಧಾರವಾಡ

ಅಕ್ಕ, ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗ್ರಾಚ್ಯುಟಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬರುತ್ತದೆ. ನಿಗದಿತ ಅವಧಿಗೆ ನೇಮಕವಾದವರು ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ದುಡಿದಿದ್ದರೆ ದುಡಿದಷ್ಟು ಕಾಲಕ್ಕೆ ಲೆಕ್ಕ ಹಾಕಿ ಕೊಡಬೇಕು. ತಂಗಿಯ ಕರಾರು ಪತ್ರದ ಪ್ರತಿಯನ್ನು ಜೋಪಾನವಾಗಿಡಿ, ಪ್ರತಿ ಸಲ ನವೀಕರಿಸಿದಾಗಲೂ ಒಂದು ಪ್ರತಿ ಕೇಳಿ ಪಡೆಯಿರಿ. ಇನ್ನೊಂದು ಬದಲಾವಣೆ, ಭತ್ಯೆಗಳನ್ನು ಉಬ್ಬಿಸಿ ಮೂಲ ವೇತನವನ್ನು ತೀರಾ ಸಣ್ಣದಾಗಿ ತೋರಿಸುವ ಅಭ್ಯಾಸಕ್ಕೆ ಕಡಿವಾಣ ಬಿದ್ದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ.

ಗದಗಿನ ಕಾಕಾ ಕೆಲಸ ಬಿಟ್ಟದ್ದು ಮೇ ತಿಂಗಳಲ್ಲಿ. ಅವರ ಹಕ್ಕು ಅಂದೇ ಹುಟ್ಟಿದೆ, ಅದಕ್ಕೆ ಹಳೆಯ ಕಾಯಿದೆಯ ಲೆಕ್ಕವೇ.

ತಂಗಿ, ಆ ಫೋಟೋವನ್ನು ಕಚೇರಿಗೆ ಒಯ್ಯುವ ಅಗತ್ಯ ಬಾರದಿರಲಿ. ಅದು ಮನೆಯಲ್ಲಿ ಮಾಡಬೇಕಾದ ಕೆಲಸ ಮಾಡಿದೆ.

ಪ್ರೆಸ್ಸಿನ ಮಗಳು, ಗದಗ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ, ದಾವಣಗೆರೆಯವರಿಗೂ, ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಬೆಳಗಾವಿಯ ಅಣ್ಣನವರ ಬರಹವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ನಮಗೂ ನಾಳೆ ಇದೇ ತಾನೇ’ ಎಂಬಲ್ಲಿ ಅಪ್ಪ ‘ಸಾಕು’ ಎಂದರು. ಮಾರನೆಯ ದಿನ ಅಂಗಿ ಹಾಕಿಕೊಂಡು ಕಾಕಾನ ಮನೆಗೆ ತಾವೇ ಹೊರಟರು. ನಾನೂ ಹೋದೆ. ಕಾಕಾ ಬಾಗಿಲಲ್ಲಿ ನಮ್ಮನ್ನು ಕಂಡು ಒಳಗೆ ಹೋಗಿ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು, ಪ್ರೆಸ್ಸಿನಲ್ಲಿ ಅಪ್ಪ ಕರೆದಾಗ ಬರುತ್ತಿದ್ದ ಹಾಗೆಯೇ. ಅಪ್ಪ ಕುಳಿತುಕೊಳ್ಳದೆ ಹೇಳಿದರು: ‘ಲೆಕ್ಕ ತಪ್ಪಾಗಿತ್ತು. ಸರಿ ಮಾಡಲು ಬಂದಿದ್ದೇನೆ.’

ಕಟಿಂಗ್ ಮಶೀನ್ ಬದಲಿಸಲು ಇಟ್ಟಿದ್ದ ಠೇವಣಿಯನ್ನು ಮುರಿದೆವು. ಹಳೆಯದನ್ನೇ ಇನ್ನೊಂದೆರಡು ವರ್ಷ ಓಡಿಸುತ್ತೇವೆ. ಡಿಸೆಂಬರ್ 18ಕ್ಕೆ ಚೆಕ್ಕು ಬರೆದೆ: ಗ್ರಾಚ್ಯುಟಿ 2,14,500, ಜೂನ್ 1ರಿಂದ 201 ದಿನದ ಬಡ್ಡಿ 11,812, ಒಟ್ಟು 2,26,312. ಶಾಲಿನ ಹಣವನ್ನು ಮುರಿಯಲಿಲ್ಲ. 22ಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಕಚೇರಿಗೆ ಹೋದರು. ಹಣ ಸಂದಾಯವಾಗಿದೆ ಎಂದು ಕಾಕಾ ಬರೆದುಕೊಟ್ಟರು, ಪ್ರಕರಣ ಮುಗಿಯಿತು.

ಸಾಲದ ಮಾತನ್ನು ಕಾಕಾನೇ ತೆಗೆದರು. ಜನವರಿ ಮೊದಲ ವಾರ ಪ್ರೆಸ್ಸಿಗೆ ಬಂದರು, ಮುಂದಿನ ರಸ್ತೆಯಿಂದ. ನಮ್ಮಲ್ಲೇ ಉಳಿದ ಕಾಗದದ ತುಂಡು ಹೊಲಿದು ಮಾಡಿಕೊಂಡ ಅಂಗೈಯಗಲದ ಪುಸ್ತಕ ಜೇಬಿನಿಂದ ತೆಗೆದರು. ಅವರ ಲೆಕ್ಕದಲ್ಲಿ ಬಾಕಿ 12,000. ನಮ್ಮ ಖಾತೆಯಲ್ಲಿ 18,000. ಎದುರುಬದುರು ಕುಳಿತು ಒಂದೊಂದೇ ಕಂತು ಓದಿದೆವು. 2020ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಮೂರು ಮೂರು ಸಾವಿರ ಅವರು ಕೊಟ್ಟಿದ್ದರು, ಅಪ್ಪ ಬರೆದುಕೊಂಡಿರಲಿಲ್ಲ. ಅಪ್ಪ ಆ ಎರಡು ಸಾಲುಗಳನ್ನು ತಮ್ಮ ಕೈಯಿಂದಲೇ ಖಾತೆಗೆ ಸೇರಿಸಿದರು. ಕಾಕಾ 12,000 ಎಣಿಸಿ ಮೇಜಿನ ಮೇಲಿಟ್ಟರು. ನಾನು ರಸೀದಿ ಕೊಟ್ಟೆ.

ಈಗ ಉಳಿದ ಎಂಟು ಜನರ ಹೆಸರಿನಲ್ಲಿ ಹೊಸ ಪುಸ್ತಕ ತೆರೆದಿದ್ದೇನೆ. ಸೇರಿದ ದಿನಾಂಕ, ವೇತನ, ಎಲ್ಲರಿಗೂ ನೇಮಕಾತಿ ಪತ್ರ. ಎಲ್‌ಐಸಿಯವರೊಂದಿಗೆ ಮಾತುಕತೆ ನಡೆದಿದೆ. ಏಳು ಜನರ ದಿನಾಂಕ ಸಿಕ್ಕಿದೆ. ಒಬ್ಬರದು ಸಿಕ್ಕಿಲ್ಲ. ಬೈಂಡಿಂಗ್‌ನ ಅಕ್ಕನದು. ನೂರು ಪುಸ್ತಕಕ್ಕೆ ಇಷ್ಟು ಎಂದು ಕೂಲಿ ಪಡೆಯುತ್ತಿದ್ದುದರಿಂದ ಅವರ ಹೆಸರು ಯಾವ ಬಟವಾಡೆ ಪುಸ್ತಕದಲ್ಲೂ ಇಲ್ಲ, ‘ಬೈಂಡಿಂಗ್ ಖರ್ಚು’ ಎಂದಷ್ಟೇ ಇದೆ. ಲೆಕ್ಕದ ಕೂಲಿಯವರಿಗೆ ಕೊನೆಯ ಮೂರು ತಿಂಗಳ ಗಳಿಕೆಯ ಸರಾಸರಿ ಹಿಡಿಯಬೇಕೆಂದು ನಿರೀಕ್ಷಕರು ಫೋನಿನಲ್ಲಿ ಹೇಳಿದರು. ಅದು ಮಾಡಬಹುದು. ಆದರೆ ಯಾವಾಗ ಬಂದರು? ಅವರಿಗೆ ತಾರೀಖು ನೆನಪಿಲ್ಲ. ‘ಎರಡನೆಯ ಮಗನನ್ನು ಅಂಗನವಾಡಿಗೆ ಬಿಟ್ಟ ದಿನವೇ ಇಲ್ಲಿಗೆ ಬಂದೆ, ಅವನು ಅಳುತ್ತಿದ್ದ’ ಎನ್ನುತ್ತಾರೆ.

ಅಂಗನವಾಡಿಯ ಶಿಕ್ಷಕಿಗೆ ಹೇಳಿಟ್ಟಿದ್ದೇನೆ. ಹಳೆಯ ಹಾಜರಿ ಪುಸ್ತಕಗಳು ಟ್ರಂಕಿನಲ್ಲಿವೆಯಂತೆ. ಸೋಮವಾರ ಹೋಗಿ ನೋಡುತ್ತೇನೆ.